ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಲೋ ಬಿಪಿಗೆ ಕಾಲಿನ ವ್ಯಾಯಾಮ ಮಾಡಿ ನೋಡಿದವರು ಇದ್ದೀರಾ?

ಬೆಟಗೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯಲ್ಲಿ ಪ್ರೈಮರಿ ಶಾಲೆ ಟೀಚರ್. ವಯಸ್ಸು 37, ತೂಕ 46 ಕೆಜಿ. ಎರಡನೇ ಹೆರಿಗೆ ಆದಾಗಿನಿಂದ ನನ್ನ ಬಿಪಿ ಯಾವಾಗ ನೋಡಿದರೂ 92/58, 94/60, ಹೀಗೇ. "ಲೋ ಬಿಪಿ ತಾನೇ, ಬಿಡಿ, ಹೈ ಬಿಪಿಗಿಂತ ಒಳ್ಳೇದು" ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಸುಮ್ಮನಿದ್ದೆ.

ಹೋದ ಸೋಮವಾರ ಪ್ರಾರ್ಥನೆ ಹೊತ್ತಲ್ಲಿ ಬಿದ್ದುಬಿಟ್ಟೆ. ಸೋಮವಾರ ನನಗೆ ಒಪ್ಪತ್ತು. ಬೆಳಿಗ್ಗೆ ಒಂದು ಕಪ್ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಾಡಗೀತೆ ಮುಗಿದಿತ್ತು. ಏಳನೇ ಕ್ಲಾಸಿನ ಹುಡುಗಿ ಪೇಪರ್ ಸುದ್ದಿ ಓದುತ್ತಿದ್ದಳು. ಮೊದಲು ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು. ಆಮೇಲೆ ಅವಳ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಮೈಯೆಲ್ಲ ತಣ್ಣಗೆ ಬೆವೆತಿತು. ಎದುರಿಗೆ ನಿಂತ ಮಕ್ಕಳ ಯೂನಿಫಾರ್ಮಿನ ನೀಲಿ ಬಣ್ಣ ಅಳಿಸಿಹೋಗಿ ಎಲ್ಲ ಬೂದಿ ಬೂದಿ ಕಂಡಿತು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಎರಡನೇ ಕ್ಲಾಸಿನ ಒಂದು ಮಗು ನನ್ನ ಸೆರಗು ಹಿಡಿದು "ಟೀಚರ್ ಏಳ್ರೀ, ಟೀಚರ್ ಏಳ್ರೀ" ಅಂತ ಅಳುತ್ತಿತ್ತು. ಉಳಿದ ಟೀಚರುಗಳು ಗಾಬರಿಯಲ್ಲಿ ನನ್ನನ್ನು ಎತ್ತಿ ಕುರ್ಚಿ ಮೇಲೆ ಕೂರಿಸಿ ಬಾಯಿಗೆ ನೀರು ಹಾಕಿದರು. ಕೂತ ಕೂಡಲೇ ಮತ್ತೆ ಕಣ್ಣು ಕತ್ತಲೆ ಬಂತು. ಮೊಣಕೈ ತರಚಿದೆ. ತಲೆಗೆ ಪೆಟ್ಟಾಗಿಲ್ಲ, ಅದೊಂದು ಪುಣ್ಯ.

ಇನ್ನೊಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಶಾಲೆಯಲ್ಲಿ ನಾನು ನೀರು ಕುಡಿಯುವುದೇ ಕಡಿಮೆ. ಕಾರಣ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ. ಟಾಯ್ಲೆಟ್ಟಿನಲ್ಲಿ ನೀರು ಬರುವುದಿಲ್ಲ, ಬಾಗಿಲಿಗೆ ಚಿಲಕ ಇಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ 5 ಗಂಟೆ ತನಕ ತಡೆದುಕೊಂಡೇ ಇರುತ್ತೇನೆ.

ಡಾಕ್ಟರ್ ಹತ್ತಿರ ಹೋದೆ. ಕೂರಿಸಿ ಬಿಪಿ ನೋಡಿದರು. "ನೀರು ಕುಡಿಯಿರಿ, ಸ್ವಲ್ಪ ಉಪ್ಪು ಜಾಸ್ತಿ ತಿನ್ನಿ" ಅಂದರು. ಎರಡೇ ನಿಮಿಷದಲ್ಲಿ ಹೊರಗೆ ಬಂದೆ. ಜೊತೆಗಿನ ಟೀಚರ್ ಒಬ್ಬರು "ಕಾಲಿನ ವ್ಯಾಯಾಮ ಮಾಡಿದರೆ ತಲೆ ಸುತ್ತು ಕಡಿಮೆ ಆಗುತ್ತದಂತೆ" ಅಂದರು. ನಿಜವಾ? ತಲೆಗೆ ಬರುವ ಚಕ್ಕರ್‌ಗೂ ಕಾಲಿಗೂ ಏನು ಸಂಬಂಧ? ಯಾವ ವ್ಯಾಯಾಮ, ಯಾವಾಗ, ಎಷ್ಟು ಸಲ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಆ ಮಗುವಿನ ಮುಂದೆ ಮತ್ತೆ ಬೀಳಬಾರದು.

ವಿದ್ಯಾನಗರ ಹುಬ್ಬಳ್ಳಿ

ಅಕ್ಕಾ, ಹುಷಾರು. ನನಗೂ ಹೀಗೇ ಆಗುತ್ತಿತ್ತು. ಬ್ಯಾಗಿನಲ್ಲಿ ಒಂದು ಬಾಟಲಿ ಲಿಂಬು ಶರಬತ್ತು ಇಟ್ಟುಕೊಳ್ಳಿ, ಸ್ವಲ್ಪ ಉಪ್ಪು ಹಾಕಿ. ಚಿಗರಿ ಬಸ್ಸಿನಲ್ಲಿ ಧಾರವಾಡದ ತನಕ ನಿಂತುಕೊಂಡು ಹೋಗುವ ದಿನ ನನಗೆ ಅದೇ ಆಸರೆ. ಅಂಗಾಲಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬಿಪಿ ಏರುತ್ತದೆ ಅಂತ ಒಂದು ವಿಡಿಯೋ ನೋಡಿದ್ದೆ. ಒತ್ತಿದಾಗ ಹಾಯ್ ಅನ್ನಿಸಿತು. ಬಿಪಿ ಏರಿತೋ ಇಲ್ಲವೋ ನೋಡಿಲ್ಲ.

ಮಗ್ಗದ ಮನೆ

ನಾನೂ ಬೆಟಗೇರಿಯವನೇ, ಟೀಚರ್. ನಮ್ಮದು ಕೈಮಗ್ಗದ ಮನೆತನ. 19 ವರ್ಷ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದಿದ್ದೇನೆ. ಬೆಳಿಗ್ಗೆಯಿಂದ ಸಂಜೆ ತನಕ ಕೂತೇ ಇರುತ್ತಿದ್ದೆ. ಆದರೂ ಒಂದು ದಿನ ತಲೆ ಸುತ್ತು ಅನ್ನುವುದು ಗೊತ್ತಿರಲಿಲ್ಲ. ಮಗ್ಗ ಬಿಟ್ಟು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ದಿನಪೂರ್ತಿ ಕೌಂಟರ್ ಹಿಂದೆ ನಿಲ್ಲಬೇಕು. ಎರಡೇ ತಿಂಗಳಿಗೆ ಮಧ್ಯಾಹ್ನ ಊಟ ಆದಮೇಲೆ ಕಣ್ಣು ಕತ್ತಲೆ ಬರೋದು ಶುರುವಾಯಿತು.

ಆಮೇಲೆ ಯೋಚನೆ ಮಾಡಿದೆ. ಮಗ್ಗದಲ್ಲಿ ಕೂತಿದ್ದರೂ ಕಾಲು ಕೂತಿರಲಿಲ್ಲ. ಒಂದೊಂದು ಎಳೆಗೂ ಹಲಗೆ ತುಳಿಯಬೇಕು. ಎಡ, ಬಲ, ಎಡ, ಬಲ. ಅಂಗಡಿಯಲ್ಲಿ ನಿಂತಿದ್ದರೂ ಕಾಲು ಕಂಬದ ಹಾಗೆ ಸುಮ್ನೆ ಇರುತ್ತಿತ್ತು. ಈಗ ಕೌಂಟರ್ ಹಿಂದೆ ನಿಂತೇ ಮಗ್ಗ ತುಳಿದ ಹಾಗೆ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಗಿರಾಕಿಗೆ ಕಾಣುವುದಿಲ್ಲ. ಮಧ್ಯಾಹ್ನದ ಊಟವನ್ನು ಎರಡು ಪಾಲು ಮಾಡಿ, ಅರ್ಧ ಒಂದು ಗಂಟೆಗೆ, ಅರ್ಧ ನಾಲ್ಕು ಗಂಟೆಗೆ ತಿನ್ನುತ್ತೇನೆ. ನನಗೆ ಇದರಿಂದ ಬಹಳ ಗುಣ ಕಂಡಿದೆ. ಒಳಗೆ ಏನಾಗುತ್ತದೆ ಅಂತ ತಿಳಿದವರು ಹೇಳಲಿ.

ಬ್ಯಾಡಗಿ ಲೆಕ್ಕದವನು

ಟೀಚರ್, ನಿಮ್ಮ ಪೋಸ್ಟ್ ಓದಿ ನಮ್ಮ ಅವ್ವನ ನೆನಪಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಇದರಲ್ಲಿ ನಾವು ಒಂದು ವರ್ಷ ಒದ್ದಾಡಿದ್ದೇವೆ.

ಅವ್ವನಿಗೆ 66. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ. ಸೀಸನ್ ಬಂತೆಂದರೆ ಮೂಗಿಗೆ ಸೆರಗು ಕಟ್ಟಿಕೊಂಡು, ಗೋಣಿಚೀಲದ ಮೇಲೆ ಕಾಲು ಮಡಚಿ ಕೂತು, ಬೆಳಿಗ್ಗೆಯಿಂದ ಕೈ ಆಡಿಸುತ್ತಲೇ ಇರುತ್ತಾಳೆ. ಹೋದ ವರ್ಷ ಫೆಬ್ರುವರಿಯಲ್ಲಿ ಚಹಾಕ್ಕೆ ಕರೆದರು ಅಂತ ಗಡಬಡಿಸಿ ಎದ್ದಳು. ಎರಡು ಹೆಜ್ಜೆ ಇಟ್ಟಳು. ಪಕ್ಕದಲ್ಲಿದ್ದ ಕಡ್ಡಿ ಮೆಣಸಿನಕಾಯಿ ರಾಶಿ ಮೇಲೆ ಮುಖ ಅಡಿಯಾಗಿ ಬಿದ್ದಳು. ನಾನು ಅಲ್ಲಿಂದ ಸ್ವಲ್ಪವೇ ದೂರದ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತೇನೆ. ಓಡಿ ಬಂದಾಗ ಅವ್ವನ ಕಣ್ಣು ಕೆಂಡದ ಹಾಗಿತ್ತು. ಕೊಡಗಟ್ಟಲೆ ನೀರು ಹಾಕಿ ತೊಳೆದೆವು. ಎರಡು ದಿನ ಉರಿ ಹೋಗಲಿಲ್ಲ. ಅವ್ವ ಹೇಳಿದ್ದು ಇಷ್ಟೇ: "ಭೂಮಿ ತಿರುಗಿದಂಗ ಆತಪ್ಪಾ. ಕಾಲು ಇದ್ದದ್ದ ಗೊತ್ತಾಗಲಿಲ್ಲ."

ಕೂರಿಸಿ ಬಿಪಿ ನೋಡಿದರೆ 126/76. "ಸರಿಯಾಗಿಯೇ ಇದೆಯಲ್ಲ" ಅಂತ ಎರಡು ಕಡೆ ವಾಪಸ್ ಕಳಿಸಿದರು. ಮೂರನೇ ಕಡೆ, ಹುಬ್ಬಳ್ಳಿಯಲ್ಲಿ, ಒಬ್ಬ ಡಾಕ್ಟರ್ ಅವ್ವನನ್ನು 5 ನಿಮಿಷ ಮಲಗಿಸಿ ಬಿಪಿ ನೋಡಿದರು. ಆಮೇಲೆ ನಿಲ್ಲಿಸಿ 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ ನೋಡಿದರು. ಮಲಗಿದಾಗ 128 ಇದ್ದದ್ದು ನಿಂತು ಒಂದು ನಿಮಿಷಕ್ಕೆ 102. ಅಂದರೆ 26 ಇಳಿದಿತ್ತು. ನಿಂತ 3 ನಿಮಿಷದೊಳಗೆ ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ನಿಂತಾಗ ಬೀಳುವ ಬಿಪಿ ಅನ್ನುತ್ತಾರಂತೆ. ಕೂತು ನೋಡಿದರೆ ಅದು ತಪ್ಪಿಸಿಕೊಳ್ಳುತ್ತದೆ. ನಿಮಗೂ ಕೂರಿಸಿಯೇ ನೋಡಿದ್ದಾರೆ ಅಲ್ವಾ? ಮೊದಲು ಈ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಮಷಿನ್ ಇದ್ದರೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ನೀವೇ ನೋಡಿ ಬರೆದಿಡಬಹುದು.

ತಲೆಗೂ ಕಾಲಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ನಾನೂ ಅದನ್ನೇ ಕೇಳಿದ್ದೆ. ಅವರು ಚಂದ ಹೇಳಿದರು. ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ತನ್ನ ಭಾರಕ್ಕೆ ತಾನೇ ಕಾಲಿಗೂ ಹೊಟ್ಟೆಯ ಕೆಳಭಾಗಕ್ಕೂ ಇಳಿಯುತ್ತದೆ. ಅಷ್ಟು ರಕ್ತ ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಯಿತು ಅಂದರೆ ಮೇಲೆ ಮಿದುಳಿಗೆ ಕಳಿಸಲು ಅದರ ಹತ್ತಿರ ಸಾಲುವುದಿಲ್ಲ. ಆಗಲೇ ಕಣ್ಣು ಕತ್ತಲೆ. ಆರೋಗ್ಯವಾಗಿದ್ದವರಲ್ಲಿ ನರಗಳು ಕ್ಷಣದಲ್ಲಿ ರಕ್ತನಾಳವನ್ನು ಬಿಗಿ ಮಾಡಿ ಸರಿ ಮಾಡುತ್ತವೆ. ಕೆಲವರಲ್ಲಿ ಅದು ತಡ ಆಗುತ್ತದೆ, ಇಲ್ಲವೇ ಸಾಲುವುದಿಲ್ಲ.

ಇಲ್ಲಿ ಮೀನಖಂಡದ, ಅಂದರೆ ಮಂಡಿ ಕೆಳಗೆ ಕಾಲಿನ ಹಿಂದಿರುವ ಸ್ನಾಯುವಿನ, ಕೆಲಸ ಬರುತ್ತದೆ. ನಮ್ಮ ಊರ ಬೋರಿಂಗ್ ಕೈಪಂಪ್ ನೋಡಿದ್ದೀರಲ್ಲ? ಹಿಡಿ ಒತ್ತಿದಾಗ ನೀರು ಮೇಲೇರುತ್ತದೆ. ಒಳಗಿನ ವಾಲ್ವ್ ಅದನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಕಾಲಿನಲ್ಲೂ ಹಾಗೇ. ಮೀನಖಂಡ ಬಿಗಿಯಾದಾಗ ಒಳಗಿನ ರಕ್ತನಾಳ ಹಿಂಡಿದಂತಾಗಿ ರಕ್ತ ಮೇಲೇರುತ್ತದೆ. ನಾಳದೊಳಗೆ ಸಣ್ಣ ಸಣ್ಣ ವಾಲ್ವ್ ಇವೆ, ಅವು ರಕ್ತವನ್ನು ಹಿಂದೆ ಬಿಡುವುದಿಲ್ಲ. ಅದಕ್ಕೇ ಮೀನಖಂಡಕ್ಕೆ ಎರಡನೇ ಹೃದಯ ಅಂತ ಹೆಸರು. ಮಗ್ಗದ ಮನೆಯವರು ಬರೆದದ್ದು ಇದೇ. ಅವರ ಕಾಲು ದಿನಪೂರ್ತಿ ಪಂಪ್ ಹೊಡೆಯುತ್ತಿತ್ತು. ಅಂಗಾಲು ಒತ್ತುವ ವಿಚಾರ ಕೇಳಿದ್ದಕ್ಕೆ ಆ ಡಾಕ್ಟರ್ "ಬೇರೆಯವರು ಒತ್ತಿದರೆ ಆರಾಮ ಸಿಗುತ್ತದೆ, ಆದರೆ ನಿಮ್ಮ ಸ್ನಾಯು ತಾನೇ ಬಿಗಿಯಾಗಬೇಕು" ಅಂದರು.

ಅವ್ವನಿಗೆ ಕಲಿಸಿದ್ದು ಹೇಳುತ್ತೇನೆ. ಬೆಳಿಗ್ಗೆ ಎಚ್ಚರ ಆದ ಕೂಡಲೇ ಏಳಬಾರದು. ಮಲಗಿದಲ್ಲೇ ಹಿಮ್ಮಡಿ ಹಾಸಿಗೆಗೆ ತಾಗಿಸಿಕೊಂಡು, ಕಾಲ್ಬೆರಳನ್ನು ಮುಖದ ಕಡೆ ಎಳೆದು ಮೂರು ಎಣಿಸಬೇಕು. ಆಮೇಲೆ ಹೊಲಿಗೆ ಮಷಿನ್ ತುಳಿದ ಹಾಗೆ ಆಚೆ ಚಾಚಬೇಕು. ಹೀಗೆ 20 ಸಲ. ಆಮೇಲೆ ಪಕ್ಕಕ್ಕೆ ಹೊರಳಿ ಎದ್ದು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಬೇಕು. ಸುಮ್ನೆ ಅಲ್ಲ, ಹಿಮ್ಮಡಿ ಎತ್ತುತ್ತಾ ಇಳಿಸುತ್ತಾ, ಮಂಡಿ ಒಂದೊಂದಾಗಿ ಮೇಲೆತ್ತುತ್ತಾ. ಪಕ್ಕದಲ್ಲಿ ಚೊಂಬು ನೀರು ಇಟ್ಟಿರುತ್ತೇನೆ, ಎರಡು ದೊಡ್ಡ ಲೋಟದಷ್ಟು ಆಗಲೇ ಕುಡಿಯುತ್ತಾಳೆ. ನಿಂತ ಮೇಲೂ ಮಂಚ ಹಿಡಿದುಕೊಂಡು ನಿಂತಲ್ಲೇ 20 ಹೆಜ್ಜೆ. ಆಮೇಲೆ ನಡೆಯಬೇಕು. ರಾತ್ರಿ ಬಚ್ಚಲಿಗೆ ಏಳುವಾಗಲೂ ಇಷ್ಟೇ, ಒಂದನ್ನೂ ಬಿಡುವಂತಿಲ್ಲ. ರಾತ್ರಿ ನಿದ್ದೆಗಣ್ಣಿನಲ್ಲಿ ಅವಸರವಾಗಿ ಎದ್ದಾಗ ಬೀಳುವ ಭಯ ಜಾಸ್ತಿ. ನಾನು ಒಂದು ಸಣ್ಣ ಲೈಟ್ ಹಾಕಿಟ್ಟಿದ್ದೇನೆ.

ಕೆಲಸದ ಕಡೆ ಬೇರೆ ರೀತಿ. ನೆಲದಿಂದ ಏಳುವ ಮೊದಲು ಮಡಚಿದ ಕಾಲು ಮುಂದೆ ಚಾಚಿ ಪಾದ ಹಿಂದೆ ಮುಂದೆ 30 ಸಲ. ಅವ್ವ ಅದನ್ನು ತುಂಬು ಬಿಡಿಸಿದ ಹಾಗೆಯೇ ಎಣಿಸುತ್ತಾಳೆ, ಒಂದು ಕಾಯಿಗೆ ಒಂದು. ಆಮೇಲೆ ಒಂದು ಮಂಡಿ ಊರಿ, ಕಂಬ ಹಿಡಿದು, ನಿಧಾನ ಏಳಬೇಕು. ಶುರುವಿನಲ್ಲಿ ಜೊತೆಗಿದ್ದ ಹೆಂಗಸರು "ಏನಬೇ, ಕಾಲಿಗೆ ಕೀಲಿ ಕೊಡಾಕತ್ತಿಯೇನ?" ಅಂತ ಕೇಳುತ್ತಿದ್ದರು. ಈಗ ಚಹಾದ ಹೊತ್ತಿಗೆ ನಾಲ್ಕೈದು ಜನ ಒಟ್ಟಿಗೆ ಕಾಲು ಚಾಚಿ ಪಾದ ಆಡಿಸುತ್ತಾರೆ.

ನನ್ನ ಕೆಲಸವೇ ಲೆಕ್ಕ, ಹಾಗಾಗಿ ಇದನ್ನೂ ಬರೆದಿಟ್ಟೆ. 10 ದಿನ ನೋಡಿದೆ. ಪಾದ ಆಡಿಸದೆ ಎದ್ದ ದಿನ ನಿಂತಾಗ 102, 100, 104. ಪಾದ ಆಡಿಸಿ, ನೀರು ಕುಡಿದು, ಕೂತು ಎದ್ದ ದಿನ 112, 114, 110. ಹತ್ತು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಆ ಹತ್ತರಲ್ಲೇ ಅವ್ವ ಬೀಳುವುದೂ ಬೀಳದಿರುವುದೂ ಇತ್ತು.

ಒಂದು ಮುಖ್ಯ ಮಾತು. ಅವ್ವ ಹೈ ಬಿಪಿಗೆ ಅಂತ ಬಹಳ ವರ್ಷದಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಡಾಕ್ಟರ್ ಅದನ್ನು ನೋಡಿ ಡೋಸ್ ಕಡಿಮೆ ಮಾಡಿ, ಹೊತ್ತು ಬದಲಿಸಿದರು. ಅರ್ಧ ಸಮಸ್ಯೆ ಅಲ್ಲೇ ಕಳೆಯಿತು. ಬಿಪಿ ಗುಳಿಗೆ, ಮೂತ್ರ ಜಾಸ್ತಿ ಹೋಗುವ ಗುಳಿಗೆ, ಗಂಡಸರಿಗೆ ಪ್ರೊಸ್ಟೇಟಿಗೆ ಕೊಡುವ ಕೆಲವು ಗುಳಿಗೆ, ಇವೆಲ್ಲ ನಿಂತಾಗ ಬಿಪಿ ಇಳಿಸಬಹುದು. ಹಾಗಂತ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಚೀಟಿ ತೆಗೆದುಕೊಂಡು ಹೋಗಿ ತೋರಿಸಿ ಕೇಳಿ.

ಧಾರವಾಡ ಫಿಸಿಯೋ

ಬ್ಯಾಡಗಿಯವರು ಹೇಳಿದ್ದು ಸರಿಯಾಗಿದೆ. ನಾನು ಧಾರವಾಡದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಟೀಚರ್ ವಿಷಯಕ್ಕೆ ಕೆಲವು ಮಾತು ಸೇರಿಸುತ್ತೇನೆ.

ಮೊದಲು, ಬಿದ್ದ ದಿನ ನಿಮ್ಮನ್ನು ಕುರ್ಚಿ ಮೇಲೆ ಕೂರಿಸಿದ್ದು ತಪ್ಪಾಯಿತು. ಅವರು ಪ್ರೀತಿಯಿಂದಲೇ ಮಾಡಿದ್ದು, ಆದರೆ ಎಲ್ಲ ಶಾಲೆಯವರಿಗೂ ಇದು ಗೊತ್ತಿರಬೇಕು. ತಲೆ ಸುತ್ತಿ ಬಿದ್ದವರನ್ನು ಎತ್ತಿ ಕೂರಿಸಬಾರದು. ಮಲಗಿಸಿಯೇ ಇಡಿ, ಕಾಲನ್ನು ಒಂದು ಚೀಲದ ಮೇಲೋ ಸ್ಟೂಲ್ ಮೇಲೋ ಎತ್ತಿಡಿ. ಪೂರ್ತಿ ಎಚ್ಚರ ಆಗುವ ತನಕ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗಬಹುದು. ಬಹಳ ಜನ ಒಂದು ನಿಮಿಷದೊಳಗೆ ತಾವೇ ಎಚ್ಚರಗೊಳ್ಳುತ್ತಾರೆ. ಆಮೇಲೂ ಹತ್ತು ಹದಿನೈದು ನಿಮಿಷ ಮಲಗಿದ್ದು ನಿಧಾನ ಏಳಬೇಕು.

ಇನ್ನು ನಿಂತಾಗ ಮಾಡುವ ವ್ಯಾಯಾಮ. ನಿಮಗೆ ಕಿವಿಯಲ್ಲಿ ಗುಂಯ್ ಅಂದಿತು, ಬೆವರು ಬಂತು, ಬಣ್ಣ ಮಾಸಿತು. ಅದು ದೇಹ ಕೊಟ್ಟ ಸೂಚನೆ. ಆ ಹೊತ್ತಿನಲ್ಲಿ ಎಲ್ಲಕ್ಕಿಂತ ಒಳ್ಳೆಯದು ಕೂತುಬಿಡುವುದು, ಇಲ್ಲವೇ ಮಲಗುವುದು. ನಾಚಿಕೆ ಪಡಬೇಡಿ. ಕೂರಲು ಆಗದ ಕಡೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಅಡ್ಡ ಹಾಕಿ ನಿಂತು, ಎರಡೂ ತೊಡೆಯನ್ನು ಒಂದಕ್ಕೊಂದು ಗಟ್ಟಿಯಾಗಿ ಒತ್ತಿ, ಸೊಂಟದ ಕೆಳಗಿನ ಸ್ನಾಯು, ಹೊಟ್ಟೆ ಎಲ್ಲ ಬಿಗಿ ಮಾಡಿ. ಅರ್ಧ ನಿಮಿಷ ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಒಂದು ಕೈಯಿಂದ ಗೋಡೆ ಹಿಡಿದಿರಿ. ಕುಕ್ಕರುಗಾಲಲ್ಲಿ ಕೂರುವುದು ಇನ್ನೂ ಬೇಗ ಕೆಲಸ ಮಾಡುತ್ತದೆ. ಚಪ್ಪಲಿ ಸರಿ ಮಾಡಿಕೊಂಡ ಹಾಗೆ ಕೂತರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ಕುಕ್ಕರುಗಾಲಿನಿಂದ ಏಳುವಾಗ ಮತ್ತೆ ಬಿಪಿ ಇಳಿಯುತ್ತದೆ. ತೊಡೆ ಬಿಗಿ ಹಿಡಿದುಕೊಂಡೇ, ಆಸರೆ ಹಿಡಿದು ಏಳಿ.

ಉಸಿರು ಕಟ್ಟಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿ. ಬಿಗಿ ಹಿಡಿಯುವಾಗ ಬಹಳ ಜನ ಉಸಿರು ಹಿಡಿದುಬಿಡುತ್ತಾರೆ. ಹಾಗೆ ತಿಣುಕಿದರೆ ಎದೆಗೆ ರಕ್ತ ಬರುವುದು ಇನ್ನೂ ಕಡಿಮೆಯಾಗಿ ತಲೆ ಸುತ್ತು ಜಾಸ್ತಿ ಆಗುತ್ತದೆ. ಬಾಯಲ್ಲಿ ಮಗ್ಗಿ ಹೇಳುತ್ತಾ ಮಾಡಿ, ಉಸಿರು ತಾನಾಗಿ ಆಡುತ್ತದೆ.

ದಿನನಿತ್ಯಕ್ಕೆ ಹಿಮ್ಮಡಿ ಎತ್ತುವುದು. ಗೋಡೆ ಹಿಡಿದು, ತುದಿಗಾಲ ಮೇಲೆ ಎರಡು ಎಣಿಸುವಷ್ಟರಲ್ಲಿ ಏರಿ, ನಾಲ್ಕು ಎಣಿಸುವಷ್ಟು ನಿಧಾನ ಇಳಿಯಿರಿ. 10 ರಿಂದ 15 ಸಲ, ನಡುವೆ ಬಿಡುವು ಕೊಟ್ಟು ಎರಡು ಮೂರು ಸುತ್ತು. ವಾರಗಟ್ಟಲೆ ಮಾಡಿದರೆ ಸ್ನಾಯು ಗಟ್ಟಿಯಾಗುತ್ತದೆ. ನೀವು 46 ಕೆಜಿ ಇದ್ದೀರಿ. ನಿಮಗೆ ಕಾಲಿನ ಸ್ನಾಯು ಬೆಳೆಸುವುದೇ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ. ಜೋರಾಗಿ ನಡೆದು ಬಂದು, ಮೆಟ್ಟಿಲು ಹತ್ತಿ ಬಂದು ಥಟ್ಟನೆ ನಿಲ್ಲಬೇಡಿ. ಎರಡು ಮೂರು ನಿಮಿಷ ನಿಧಾನವಾಗಿ ಓಡಾಡಿ ಆಮೇಲೆ ನಿಲ್ಲಿ.

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡದಲ್ಲಿ ನೋವು ಇದ್ದರೆ ವ್ಯಾಯಾಮವೂ ಬೇಡ, ತಿಕ್ಕುವುದೂ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರ್ ನೋಡಬೇಕು. ಸೂಚನೆಯೇ ಇಲ್ಲದೆ ಬಿದ್ದರೆ, ಕೂತಾಗ ಮಲಗಿದಾಗ ಪ್ರಜ್ಞೆ ತಪ್ಪಿದರೆ, ಓಡುವಾಗ ಬಿದ್ದರೆ, ಎದೆನೋವು ಅಥವಾ ಎದೆ ಹೊಡೆತ ಏರುಪೇರಾದರೆ, ಮಲ ಕಪ್ಪಗೆ ಹೋದರೆ, ಗರ್ಭಿಣಿಯಾಗಿದ್ದರೆ, ಇದು ಕಾಲಿನ ವ್ಯಾಯಾಮದಿಂದ ಬಗೆಹರಿಯುವ ಮಾತಲ್ಲ. ಉಪ್ಪು ಜಾಸ್ತಿ ಮಾಡುವುದನ್ನೂ ಹೃದಯ, ಕಿಡ್ನಿ ತೊಂದರೆ ಇರುವವರು, ಹೈ ಬಿಪಿ ಇರುವವರು ಕೇಳದೆ ಮಾಡಬಾರದು.

ಮತ್ತೆ ಟೀಚರ್, ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಹಿಮೋಗ್ಲೋಬಿನ್, ವಿಟಮಿನ್ ಬಿ12? ನೀವು ಬರೆದದ್ದರಲ್ಲಿ ಅದರ ಸುದ್ದಿಯೇ ಇಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಬೆಟಗೇರಿ ಟೀಚರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ವರ್ಷದಲ್ಲಿ ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ರಕ್ತ ಪರೀಕ್ಷೆ ಹೆರಿಗೆ ಆದಮೇಲೆ ಮಾಡಿಸಿಲ್ಲ, ನಾಳೆಯೇ ಹೋಗುತ್ತೇನೆ. ಒಂದು ಸಂಶಯ. ನಾಡಗೀತೆ, ರಾಷ್ಟ್ರಗೀತೆ ಹಾಡುವಾಗ ಅಲುಗಾಡುವಂತಿಲ್ಲ. ಮಕ್ಕಳಿಗೆ ನೆಟ್ಟಗೆ ನಿಲ್ಲಿ ಅಂತ ನಾನೇ ಹೇಳಿಕೊಟ್ಟಿದ್ದೇನೆ. ಅಲ್ಲಿ ಕಾಲು ಅಡ್ಡ ಹಾಕಿ, ಹಿಮ್ಮಡಿ ಎತ್ತಿ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಗ ಏನು ಮಾಡಲಿ?

ಹಾವೇರಿ ಮಾಜಿ ಸೈನಿಕ

ತಂಗೀ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಪೆರೇಡಿನಲ್ಲಿ ಬಿಸಿಲಿಗೆ ಸಾವಧಾನದಲ್ಲಿ ನಿಂತು ಗಟ್ಟಿಮುಟ್ಟಾದ ಹುಡುಗರು ಮರ ಬಿದ್ದಂತೆ ಬೀಳುವುದನ್ನು ನೋಡಿದ್ದೇನೆ. 22 ವರ್ಷದ ಹುಡುಗರು, ಯಾವ ರೋಗವೂ ಇಲ್ಲ. ಕಾಲು ಆಡಿಸದೆ ನಿಲ್ಲುವುದೇ ಕಾರಣ. ನಮಗೆ ಉಸ್ತಾದರು ಹೇಳಿಕೊಟ್ಟದ್ದು: ಬೂಟಿನೊಳಗೆ ಕಾಲ್ಬೆರಳು ಮಡಚಿ ನೆಲ ಹಿಡಿದ ಹಾಗೆ ಬಿಗಿ ಮಾಡು, ಬಿಡು, ಮತ್ತೆ ಬಿಗಿ ಮಾಡು. ಮಂಡಿಯನ್ನು ಹಿಂದಕ್ಕೆ ತಳ್ಳಿ ಲಾಕ್ ಮಾಡಬೇಡ, ಕೂದಲೆಳೆಯಷ್ಟು ಸಡಿಲ ಇರಲಿ. ಹಿಮ್ಮಡಿಯಿಂದ ಮುಂಗಾಲಿಗೆ ಭಾರ ಬದಲಿಸು, ಯಾರಿಗೂ ಕಾಣದಷ್ಟು. ತೊಡೆ ಬಿಗಿ ಹಿಡಿ.

ರಾಷ್ಟ್ರಗೀತೆ 52 ಸೆಕೆಂಡ್. ಅಷ್ಟರಲ್ಲಿ ಹತ್ತು ಸಲ ಬೆರಳು ಬಿಗಿ ಮಾಡಿ ಬಿಡಬಹುದು. ಮೈ ಅಲುಗುವುದಿಲ್ಲ, ಗೌರವಕ್ಕೆ ಕುಂದಿಲ್ಲ. ಹಿಂದಿನ ರಾತ್ರಿಯೇ ನೀರು ಕುಡಿದಿರಬೇಕು, ಖಾಲಿ ಹೊಟ್ಟೆಯಲ್ಲಿ ಬರಬಾರದು ಅಂತಲೂ ಹೇಳುತ್ತಿದ್ದರು. ನಿಮ್ಮ ಸೋಮವಾರದ ಒಪ್ಪತ್ತಿನ ವಿಚಾರ ಯೋಚನೆ ಮಾಡಿ.

ಬೆಟಗೇರಿ ಟೀಚರ್

ಐದು ವಾರ ಆಯಿತು. ಏನಾಯಿತು ಅಂತ ಹೇಳಲು ಬಂದಿದ್ದೇನೆ.

ಹಿಮೋಗ್ಲೋಬಿನ್ 9.4 ಬಂತು. 12 ಇರಬೇಕಂತೆ. ಬಿ12 ಕೂಡ ಕಡಿಮೆ. ನಾಲ್ಕು ವರ್ಷದಿಂದ "ಲೋ ಬಿಪಿ" ಅನ್ನುವ ಒಂದೇ ಮಾತಿನ ಅಡಿ ಇದು ಮುಚ್ಚಿಹೋಗಿತ್ತು. ಡಾಕ್ಟರ್ ಕಬ್ಬಿಣಾಂಶದ ಗುಳಿಗೆ, ಬಿ12 ಕೊಟ್ಟಿದ್ದಾರೆ. ಗುಳಿಗೆ ಜೊತೆ ಚಹಾ ಕುಡಿಯಬೇಡಿ, ಕಬ್ಬಿಣಾಂಶ ಹಿಡಿಯುವುದಿಲ್ಲ ಅಂದರು. ನಾನು ಇಷ್ಟು ವರ್ಷ ಊಟ ಮುಗಿದ ಕೂಡಲೇ ಚಹಾ ಕುಡಿಯುತ್ತಿದ್ದವಳು. ಈಗ ಊಟದ ಜೊತೆ ಲಿಂಬೆಹಣ್ಣು, ಚಹಾ ಎರಡು ಗಂಟೆ ಬಿಟ್ಟು. ಮಲಗಿಸಿ ನಿಲ್ಲಿಸಿ ಬಿಪಿ ನೋಡಿ ಅಂತ ನಾನೇ ಕೇಳಿದೆ. ಮಲಗಿದಾಗ 98, ನಿಂತಾಗ 76.

ಬೆಳಿಗ್ಗೆ ಮಂಚದ ಮೇಲೆ ಪಾದ ಎಳೆದು ಚಾಚುವುದು ಈಗ ಅಭ್ಯಾಸ ಆಗಿದೆ. ಅಡುಗೆಮನೆಯಲ್ಲಿ ರೊಟ್ಟಿ ಬೇಯುವಾಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತೇನೆ. ಒಂದು ರೊಟ್ಟಿ ಒಂದು ಮಗ್ಗಲು ಬೇಯುವಷ್ಟರಲ್ಲಿ ಐದು ಸಲ ಆಗುತ್ತದೆ. ಪ್ರಾರ್ಥನೆಯಲ್ಲಿ ಸೈನಿಕ ಅಣ್ಣ ಹೇಳಿದ ಹಾಗೆ ಚಪ್ಪಲಿಯೊಳಗೆ ಬೆರಳು ಬಿಗಿ ಮಾಡುತ್ತೇನೆ. ಮೊದಲ ವಾರ ಮೀನಖಂಡ ಹಿಡಿದುಕೊಂಡು ನೋವಾಯಿತು, ಆಮೇಲೆ ಹೋಯಿತು. ಒಪ್ಪತ್ತು ಬಿಟ್ಟಿಲ್ಲ, ಆದರೆ ಪ್ರಾರ್ಥನೆಗೆ ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಎರಡು ಲೋಟ ನೀರು. ಅತ್ತೆಯವರೇ "ದೇವರೇನು ಬ್ಯಾಡ ಅನ್ನೂದಿಲ್ಲ, ಕುಡಿ" ಅಂದರು.

ಟಾಯ್ಲೆಟ್ ವಿಚಾರ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿದೆ. ನಾನೊಬ್ಬಳೇ ಅಂದುಕೊಂಡಿದ್ದೆ, ಮೂವರು ಟೀಚರುಗಳು ತಾವೂ ನೀರು ಕುಡಿಯುವುದಿಲ್ಲ ಅಂದರು. ಚಿಲಕ ಹಾಕಿಸಿದ್ದಾರೆ. ಬ್ಯಾರಲ್ಲಿನಲ್ಲಿ ನೀರು ತುಂಬಿಸುತ್ತಿದ್ದಾರೆ. ಈಗ ಮಧ್ಯಾಹ್ನದ ಹೊತ್ತಿಗೆ ನನ್ನ ಒಂದು ಲೀಟರ್ ಬಾಟಲಿ ಖಾಲಿ.

ಒಂದು ಸಲ, ಹೋದ ಗುರುವಾರ, ಬೋರ್ಡ್ ಮುಂದೆ ಕಿವಿ ಗುಂಯ್ ಅಂದಿತು. ಕೈಯಲ್ಲಿದ್ದ ಚಾಕ್‌ಪೀಸ್ ಬೇಕಂತಲೇ ಕೆಳಗೆ ಬಿಟ್ಟು, ಅದನ್ನು ಹುಡುಕುವ ಹಾಗೆ ಕುಕ್ಕರುಗಾಲಲ್ಲಿ ಕೂತೆ. ಎರಡರ ಮಗ್ಗಿ ಹೇಳಿಕೊಂಡು ಉಸಿರಾಡಿದೆ. ಕಣ್ಣು ತಿಳಿಯಾಯಿತು. ತೊಡೆ ಬಿಗಿ ಹಿಡಿದು ಮೇಜಿನ ಅಂಚು ಹಿಡಿದು ಎದ್ದೆ. ಬೀಳಲಿಲ್ಲ. ಅವತ್ತು ನನ್ನ ಸೆರಗು ಹಿಡಿದು ಅತ್ತ ಆ ಮಗು ಮುಂದಿನ ಸಾಲಿನಲ್ಲೇ ಕೂರುತ್ತದೆ. ಬೆಂಚಿನಿಂದ ಇಳಿದು ಬಂದು ಚಾಕ್‌ಪೀಸ್ ಎತ್ತಿ ನನ್ನ ಕೈಗೆ ಕೊಟ್ಟಿತು.

ಇನ್ನೊಂದು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಇದೆ. ಬ್ಯಾಡಗಿಯ ಅಣ್ಣಾ, ನಿಮ್ಮ ಅವ್ವ ಹೇಗಿದ್ದಾರೆ?

ಬ್ಯಾಡಗಿ ಲೆಕ್ಕದವನು

ಆರಾಮ ಇದ್ದಾಳೆ ಟೀಚರ್. ನಿಮ್ಮ ಪೋಸ್ಟ್ ಓದಿ ಹೇಳಿದೆ. "ಆ ಟೀಚರವ್ವಗ ಹೇಳು, ಏಳೂ ಮುಂದ ಗಡಬಡಿಸಬ್ಯಾಡ ಅಂತ" ಅಂದಳು.